ಒಂದು ಕುರ್ಚಿಯ ಚರಿತ್ರೆ: ಶಾಂತಾ ರಂಗಸ್ವಾಮಿ ಮತ್ತು ಮಹಿಳಾ ಕ್ರಿಕೆಟ್‌ನ ಆಡಳಿತ

ಸಾಹಿತ್ಯ ಓದೋರು ಕ್ರಿಕೆಟ್ ಮಂಡಳಿಯ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನಿಸಬಹುದು. ನನ್ನ ಉತ್ತರ ಇಷ್ಟೆ: ಮಹಿಳಾ ಚರಿತ್ರೆ ಬರೆಯುವಾಗ ನಾವು ಸಾಧನೆಗಳನ್ನು ಎಣಿಸ್ತೀವಿ, ತೀರ್ಮಾನ ತಗೊಂಡವರು ಯಾರು ಅಂತ ಕೇಳೋದು ಕಡಿಮೆ. ಶಾಂತಾ ರಂಗಸ್ವಾಮಿ ಅವರ ಬದುಕು ಆ ಪ್ರಶ್ನೆಯನ್ನು ಕೇಳುವಂತೆ ಮಾಡುತ್ತದೆ.

ಆಟಗಾರ್ತಿಯಾಗಿ ಅವರು ಎಲ್ಲರಿಗೂ ಗೊತ್ತು. 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಲು ಇಳಿದಾಗ ನಾಯಕಿ ಅವರೇ. ಅದೇ ಸರಣಿಯ ಪಟ್ನಾ ಟೆಸ್ಟ್‌ನಲ್ಲಿ ಮೊದಲ ಗೆಲುವು ಬಂತು. 1977ರ ಜನವರಿಯಲ್ಲಿ ಡ್ಯುನೆಡಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು ಹೊಡೆದ 108, ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. ಇಷ್ಟನ್ನು ದಾಖಲೆ ಪುಸ್ತಕ ಹೇಳುತ್ತದೆ. ನಾನು ಹೇಳಬೇಕಾದದ್ದು ಅದರ ಹಿಂದಿನ ಸಂಗತಿ.

ಆಗ ಮಹಿಳಾ ಕ್ರಿಕೆಟ್ಟನ್ನು ನಡೆಸುತ್ತಿದ್ದುದು ಬಿಸಿಸಿಐ ಅಲ್ಲ. 1973ರಲ್ಲಿ ಲಖನೌದಲ್ಲಿ ಮಹೇಂದ್ರ ಕುಮಾರ್ ಶರ್ಮಾ ಅವರ ಓಡಾಟದಿಂದ ಹುಟ್ಟಿದ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ. ಅದರ ಬಳಿ ದುಡ್ಡಿರಲಿಲ್ಲ. ಕಾಯ್ದಿರಿಸದ ಬೋಗಿಯಲ್ಲಿ ಪ್ರಯಾಣ ಮಾಡಿದ್ದನ್ನು, ಹಾಸಿಗೆ ತಾವೇ ಹೊತ್ತೊಯ್ದದ್ದನ್ನು ಶಾಂತಾ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆದರೆ ಆ ಬಡ ಸಂಸ್ಥೆ 1976ರ ಒಂದೇ ಸರಣಿಯಲ್ಲಿ ಆರು ಟೆಸ್ಟ್ ಆಡಿಸಿತು.

2006ರಲ್ಲಿ ಈ ಸಂಸ್ಥೆ ಬಿಸಿಸಿಐನಲ್ಲಿ ವಿಲೀನವಾಯಿತು. ಆಗ ಅದರ ಕಾರ್ಯದರ್ಶಿ ಮಾಜಿ ನಾಯಕಿ ಶುಭಾಂಗಿ ಕುಲಕರ್ಣಿ. ವಿಲೀನದಿಂದ ಸೌಲಭ್ಯ ಬಂತು, ಒಳ್ಳೆ ಮೈದಾನ ಬಂತು, ಸಂಭಾವನೆ ಬಂತು. ಟೆಸ್ಟ್ ಮಾತ್ರ ಹೋಯಿತು. ವಿಲೀನದ ನಂತರ 2020 ಮುಗಿಯುವ ತನಕ ಭಾರತದ ಮಹಿಳೆಯರು ಆಡಿದ್ದು ಎರಡೇ ಎರಡು ಟೆಸ್ಟ್, ಎರಡೂ 2014ರಲ್ಲಿ: ಒಂದು ಇಂಗ್ಲೆಂಡಿನ ವರ್ಮ್‌ಸ್ಲಿಯಲ್ಲಿ, ಇನ್ನೊಂದು ನಮ್ಮ ಮೈಸೂರಿನಲ್ಲಿ. ಎರಡನ್ನೂ ಗೆದ್ದರು, ಆದರೂ ಮುಂದಿನ ಟೆಸ್ಟ್‌ಗೆ 2021ರವರೆಗೆ ಕಾಯಬೇಕಾಯಿತು. ಮಹಿಳಾ ಟೆಸ್ಟ್ ಜಗತ್ತಿನಲ್ಲೆಲ್ಲ ಕಡಿಮೆಯಾಗಿತ್ತು ನಿಜ, ಮಂಡಳಿ ಒಂದನ್ನೇ ದೂರುವಂತಿಲ್ಲ. ಆದರೆ ದುಡ್ಡು ಬಂದ ಕಡೆಗೆ ಮಾತೂ ಬರುತ್ತದೆ ಅಂತ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣಲಿಲ್ಲ.

ನಮ್ಮ ಕೃಷ್ಣಾ, ಮಕ್ತಲ್, ಗದ್ವಾಲ್ ಕಡೆಯವರಿಗೆ ಈ ಮಾತು ಬೇಗ ಅರ್ಥ ಆಗ್ತದ. ಗದ್ವಾಲ್, ಆಲಂಪುರ ತಾಲೂಕುಗಳು 1956ರ ತನಕ ರಾಯಚೂರು ಜಿಲ್ಲೆಯಲ್ಲಿದ್ದವು. ಗೆರೆ ಎಳೆದದ್ದು ದೂರದ ಕಚೇರಿಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡೋರು ಆ ಮೇಜಿನ ಮುಂದೆ ಇರಲಿಲ್ಲ. ಮೇಜಿನ ಮುಂದೆ ಯಾರಿದ್ದಾರೆ ಅನ್ನೋದು ಸಣ್ಣ ವಿಷಯ ಅಲ್ಲ.

ಕ್ರಿಕೆಟ್‌ನಲ್ಲಿ ಆ ಮೇಜಿನ ಮುಂದೆ ಕುರ್ಚಿ ಸಿಕ್ಕಿದ್ದು ಕಾನೂನಿನಿಂದ. ಲೋಧಾ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2016ರ ಜುಲೈನಲ್ಲಿ ಬಹುಮಟ್ಟಿಗೆ ಒಪ್ಪಿತು. 2017ರಲ್ಲಿ ಕೋರ್ಟ್ ನೇಮಿಸಿದ ಆಡಳಿತಗಾರರ ಸಮಿತಿಯಲ್ಲಿ ಡಯಾನಾ ಎಡುಲ್ಜಿ ಇದ್ದರು. ಒಂಬತ್ತು ಮಂದಿಯ ಅಪೆಕ್ಸ್ ಕೌನ್ಸಿಲ್‌ನಲ್ಲಿ ಮಾಜಿ ಆಟಗಾರರ ಸಂಘದಿಂದ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ ಇರಲೇಬೇಕು ಎಂದು ಮಂಡಳಿಯ ಹೊಸ ಸಂವಿಧಾನ ಹೇಳಿತು. 2019ರ ಅಕ್ಟೋಬರ್‌ನಲ್ಲಿ ಆ ಸ್ಥಾನಕ್ಕೆ ಶಾಂತಾ ಅವಿರೋಧವಾಗಿ ಬಂದರು. ಆ ಅವಧಿಯ ಐವರು ಪದಾಧಿಕಾರಿಗಳೂ ಗಂಡಸರೇ.

ಅದಕ್ಕೂ ಮೊದಲು ಅವರು ಕಪಿಲ್ ದೇವ್, ಅಂಶುಮನ್ ಗಾಯಕ್ವಾಡ್ ಜೊತೆ ಕ್ರಿಕೆಟ್ ಸಲಹಾ ಸಮಿತಿಯಲ್ಲಿದ್ದರು. 2019ರ ಆಗಸ್ಟ್‌ನಲ್ಲಿ ರವಿ ಶಾಸ್ತ್ರಿ ಅವರನ್ನು ಪುರುಷರ ತಂಡದ ಮುಖ್ಯ ಕೋಚ್ ಆಗಿ ಆರಿಸಿದ್ದು ಈ ಸಮಿತಿ. ಹೆಂಗಸರ ಆಟದ ಬಗ್ಗೆ ಗಂಡಸರು ತೀರ್ಮಾನಿಸೋದು ನಮಗೆ ರೂಢಿ. ಇಲ್ಲಿ ಅದು ತಿರುಗುಮುರುಗಾಯಿತು. ಮರುತಿಂಗಳೇ ಹಿತಾಸಕ್ತಿ ಸಂಘರ್ಷದ ದೂರಿನ ಮೇಲೆ ನೋಟಿಸ್ ಬಂತು, ಅವರು ರಾಜೀನಾಮೆ ಕೊಟ್ಟರು. ನಿಯಮ ಎಲ್ಲರಿಗೂ ಒಂದೇ, ಕಪಿಲ್ ಅವರೂ ಹೊರಬಂದರು. ಆದರೆ ಆಡಳಿತ ಬಲ್ಲ ಆಟಗಾರ್ತಿಯರು ಬೆರಳೆಣಿಕೆಯಷ್ಟಿರುವಾಗ ಒಬ್ಬರನ್ನೇ ನಾಲ್ಕು ಕಡೆ ಕರೆಯುತ್ತಾರೆ. ಆಮೇಲೆ ನಾಲ್ಕು ಕಡೆ ಯಾಕಿದ್ದೀರಿ ಅಂತ ಅವರನ್ನೇ ಕೇಳುತ್ತಾರೆ. ಈ ಇಕ್ಕಟ್ಟು ನಿಯಮದ ಪುಸ್ತಕದಲ್ಲಿ ಕಾಣಿಸೋದಿಲ್ಲ.

ಇಷ್ಟಕ್ಕೂ ಅವರು ಆಡಳಿತಕ್ಕೆ ಹೊಸಬರಲ್ಲ. ಕೆನರಾ ಬ್ಯಾಂಕಿನಲ್ಲಿ ಜನರಲ್ ಮ್ಯಾನೇಜರ್ ಹುದ್ದೆ ತನಕ ಏರಿದವರು. ಮಹಿಳೆಯರಿಗೂ ಐಪಿಎಲ್ ಬೇಕು ಎಂದು ಬಹಿರಂಗವಾಗಿ ಕೇಳುತ್ತಿದ್ದವರಲ್ಲಿ ಅವರೂ ಒಬ್ಬರು. 2022ರ ಅಕ್ಟೋಬರ್‌ನಲ್ಲಿ ಪಂದ್ಯ ಶುಲ್ಕ ಗಂಡಸರಿಗೂ ಹೆಂಗಸರಿಗೂ ಸಮವಾಯಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. 2023ರಲ್ಲಿ ಡಬ್ಲ್ಯುಪಿಎಲ್ ಶುರುವಾಯಿತು. ಐದು ತಂಡಗಳು 4,669.99 ಕೋಟಿಗೆ ಮಾರಾಟವಾದವು. ಇದೆಲ್ಲ ಒಬ್ಬರಿಂದ ಆಯಿತು ಅಂತ ನಾನು ಹೇಳ್ತಿಲ್ಲ. ಕೇಳುವವರು ಒಳಗೂ ಇದ್ದರು, ಹೊರಗೂ ಇದ್ದರು ಅಂತಷ್ಟೇ ಹೇಳ್ತಿದ್ದೇನೆ.

ಕೊನೆಗೆ ಭಾಷೆಯ ಒಂದು ಮಾತು. ಕಾವ್ಯಮೀಮಾಂಸೆಯ ತರಗತಿಯಲ್ಲಿ 'ನಾಯಕಿ' ಅಂದರೆ ಬಹುಪಾಲು ನಾಯಕನಿಗಾಗಿ ಕಾಯುವವಳು. ಕ್ರೀಡಾಪುಟ ಆ ಪದವನ್ನು ಫೀಲ್ಡಿಂಗ್ ನಿಲ್ಲಿಸುವವಳಿಗೆ, ಬೌಲಿಂಗ್ ಬದಲಿಸುವವಳಿಗೆ ಕೊಟ್ಟಿತು. 'ಆಟಗಾರ್ತಿ' ನಮ್ಮ ನಾಲಿಗೆಗೆ ಸಲೀಸು. 'ಆಡಳಿತಗಾರ್ತಿ' ಇನ್ನೂ ತೊಡರುತ್ತದೆ. ಪದ ಸಲೀಸಾಗಬೇಕಾದರೆ ಆ ಕೆಲಸ ಮಾಡುವವರು ಹೆಚ್ಚಬೇಕು. ಒಂಬತ್ತರಲ್ಲಿ ಒಂದು ಮೀಸಲು ಕುರ್ಚಿ ಸಾಕೇ, ಅಥವಾ ಅದು ಇನ್ನೊಂದು ಕುರ್ಚಿ ಕೇಳದಂತೆ ತಡೆಯುವ ಉಪಾಯವೇ? ಈ ಪ್ರಶ್ನೆಯನ್ನು ಚರ್ಚೆಗೆ ಬಿಡುತ್ತೇನೆ.