ಹೆಸರು ಕಳೆದುಕೊಂಡ ಹಿತ್ತಲ ಹಣ್ಣು

ಮುಂಗಾರು ಮಳೆ ಬಿದ್ದು ಹೊಲದ ಬದುಗಳು ಹಸಿರಾಗುವ ಹೊತ್ತಿಗೆ ಮೊಣಕಾಲೆತ್ತರದ ಗಿಡವೊಂದು ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ನಿಲ್ಲುತ್ತದೆ. ಎಲೆಗಳ ಅಡಿಯಲ್ಲಿ ಕಾಗದದ ಪುಟ್ಟ ಗೂಡುದೀಪಗಳಂತೆ ಕಾಯಿಗಳು ತೂಗುತ್ತವೆ. ಹಳ್ಳಿಯ ಮಕ್ಕಳು ಅವನ್ನು ಕಿತ್ತು ಹಣೆಗೆ ಬಡಿದು 'ಟಪ್' ಎನ್ನಿಸುತ್ತಾರೆ. ಹಣ್ಣಾಗಿದ್ದರೆ ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಕೆಲವೆಡೆ ಇದು ಬುಡ್ಡೆ ಹಣ್ಣು, ಕೆಲವೆಡೆ ಗುಪ್ಪಟೆ ಹಣ್ಣು. ಹೊಲದೊಡೆಯನ ಲೆಕ್ಕದಲ್ಲಿ ಮಾತ್ರ ಇದು ಬರೀ ಕಳೆ. ಕಳೆ ಕೀಳುವ ದಿನ ಉಳಿದ ಹುಲ್ಲುಕಡ್ಡಿಗಳ ಜೊತೆ ಇದೂ ಬದುವಿನಾಚೆ ಬೀಳುತ್ತದೆ.

ಇದೇ ಗಿಡದ ದಾಯಾದಿಯೊಂದು ನಗರದ ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕುಳಿತು ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ಅಲ್ಲಿ ಅದರ ಹೆಸರು ರಸ್‌ಭರಿ, ಕೇಪ್ ಗೂಸ್‌ಬೆರಿ ಅಥವಾ ಗೋಲ್ಡನ್ ಬೆರಿ. ಹೋಟೆಲುಗಳಲ್ಲಿ ಅದನ್ನು ಒಣ ಹೊದಿಕೆಯ ಸಮೇತ ಕೇಕಿನ ನೆತ್ತಿಯ ಮೇಲೆ ಅಲಂಕಾರಕ್ಕೆ ಕೂರಿಸುತ್ತಾರೆ. ಒಂದು ಕಡೆ ಕಳೆ, ಇನ್ನೊಂದು ಕಡೆ ಅಲಂಕಾರ. ಇವೆರಡರ ನಡುವೆ ಈ ಹಣ್ಣಿಗೆ ನೆಲೆಯಾದ ನಿಜವಾದ ಜಾಗ ಒಂದಿದೆ. ಅದು ಮನೆಯ ಹಿತ್ತಲು. ಶತಮಾನಗಳ ಕಾಲ ಈ ಹಣ್ಣನ್ನು ಉಳಿಸಿಕೊಂಡು ಬಂದದ್ದು ಅದೇ.

ಹೊದಿಕೆ ಹೊತ್ತ ಕುಟುಂಬ

ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿಗಳ ಕುಟುಂಬಕ್ಕೆ ಸೇರಿದ ಈ ಗಿಡಗಳ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು 'ಫೈಸಾಲಿಸ್'. ಗಾಳಿ ತುಂಬಿದ ಚೀಲ ಎಂಬ ಅರ್ಥದ ಗ್ರೀಕ್ ಪದದಿಂದ ಹುಟ್ಟಿದ್ದು ಅದು. ಹೂವಿನ ಬುಡದ ಹಸಿರು ಪುಷ್ಪಪಾತ್ರೆ ಬೇರೆ ಗಿಡಗಳಲ್ಲಿ ಹೂವು ಬಾಡಿದ ಮೇಲೆ ಸುಮ್ಮನಾಗುತ್ತದೆ. ಇಲ್ಲಿ ಹಾಗಲ್ಲ. ಕಾಯಿ ಕಟ್ಟಿದೊಡನೆ ಅದು ಉಬ್ಬುತ್ತಾ ಹೋಗಿ ಕಾಯಿಯನ್ನು ಪೂರ್ತಿ ಮುಚ್ಚಿಕೊಳ್ಳುತ್ತದೆ. ಹಣ್ಣಾಗುವ ವೇಳೆಗೆ ಒಣಗಿ ಕಾಗದದಂತಾಗುತ್ತದೆ.

ಈ ಹೊದಿಕೆ ಎಷ್ಟು ಹಳೆಯದು? 2017ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ವರದಿಯೊಂದು ಎಲ್ಲರನ್ನೂ ಬೆರಗುಗೊಳಿಸಿತು. ದಕ್ಷಿಣ ಅಮೆರಿಕದ ತುದಿಯಲ್ಲಿರುವ ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ ಪೀಟರ್ ವಿಲ್ಫ್ ಮತ್ತು ಸಂಗಡಿಗರಿಗೆ ಹೊದಿಕೆ ಸಮೇತವಾದ ಹಣ್ಣಿನ ಎರಡು ಪಳೆಯುಳಿಕೆಗಳು ಸಿಕ್ಕಿದ್ದವು. ಅವುಗಳ ವಯಸ್ಸು 5.2 ಕೋಟಿ ವರ್ಷ. ಅಲ್ಲಿಯವರೆಗೆ ಈ ಇಡೀ ಕುಟುಂಬವೇ ಅಷ್ಟು ಹಳೆಯದಲ್ಲವೆಂದು ವಿಜ್ಞಾನಿಗಳು ಭಾವಿಸಿದ್ದರು. ಮಕ್ಕಳು ಹಣೆಗೆ ಬಡಿದು ಒಡೆಯುವ ಬುಡ್ಡೆ ಹಿಮಾಲಯ ಇಂದಿನ ಎತ್ತರಕ್ಕೆ ಏಳುವ ಮೊದಲೇ ಭೂಮಿಯ ಮೇಲಿತ್ತು.

ಟೊಮೆಟೊಗೆ ದಾನವಾದ ಹೆಸರು

ಈ ಕುಲದ ಹೆಚ್ಚಿನ ಪ್ರಭೇದಗಳ ತವರು ಮೆಕ್ಸಿಕೊ. ಅಲ್ಲಿನ ಅಜ್ಟೆಕ್ ಜನರ ನಾವಾಟ್ಲ್ ಭಾಷೆಯಲ್ಲಿ ರಸವಿರುವ ದುಂಡು ಹಣ್ಣುಗಳಿಗೆ 'ತೊಮಾತ್ಲ್' ಎನ್ನುತ್ತಿದ್ದರು. ಹೊದಿಕೆಯುಳ್ಳ ಹಸಿರು ಹಣ್ಣು 'ಮಿಲ್‌ತೊಮಾತ್ಲ್', ಅಂದರೆ ಹೊಲದ ತೊಮಾತ್ಲ್. ಜೋಳದ ಹೊಲದ ನಡುವೆ ಬೆಳೆಯುತ್ತಿದ್ದುದರಿಂದ ಬಂದ ಹೆಸರದು. ಇಂದು ನಾವು ಟೊಮೆಟೊ ಎನ್ನುವ ಕೆಂಪು ಹಣ್ಣಿಗೆ ಬೇರೆಯೇ ಆದ 'ಶಿತೊಮಾತ್ಲ್' ಎಂಬ ಹೆಸರಿತ್ತು.

1521ರಲ್ಲಿ ಅಜ್ಟೆಕ್ ರಾಜಧಾನಿ ಸ್ಪೇನ್ ದೇಶದವರ ವಶವಾಯಿತು. ಬಂದವರ ಕಿವಿಗೆ ಈ ಸೂಕ್ಷ್ಮ ಭೇದಗಳು ಹಿಡಿಸಲಿಲ್ಲ. ಎರಡನ್ನೂ ಅವರು 'ತೊಮಾತೆ' ಎಂದೇ ಕರೆದರು. ಯುರೋಪಿಗೆ ಹೋಗಿ ನೆಲೆ ನಿಂತದ್ದು ಕೆಂಪು ಹಣ್ಣು, ಅದರೊಡನೆ ಹೋದದ್ದು ಆ ಹೆಸರು. ಹೊದಿಕೆಯ ಹಣ್ಣು ಮಾತ್ರ ತವರಿನಲ್ಲೇ ಉಳಿಯಿತು. ಮಧ್ಯ ಮೆಕ್ಸಿಕೊದಲ್ಲಿ ಇವತ್ತಿಗೂ ಕೆಂಪು ಟೊಮೆಟೊಗೆ 'ಹಿತೊಮಾತೆ' ಎನ್ನುತ್ತಾರೆ. ಬರೀ 'ತೊಮಾತೆ' ಎಂದರೆ ಹೊದಿಕೆಯೊಳಗಿನ ಹಸಿರು ಹಣ್ಣೇ. ಅಲ್ಲಿನ ಹಸಿರು ಚಟ್ನಿಯ ಜೀವಾಳವೂ ಅದೇ.

ನಮ್ಮ ನೆರೆಯಲ್ಲೂ ಇಂಥದೊಂದು ಸೋಜಿಗವಿದೆ. ತಮಿಳಿನಲ್ಲಿ ಟೊಮೆಟೊಗೆ ತಕ್ಕಾಳಿ. ನಮ್ಮ ಬುಡ್ಡೆ ಹಣ್ಣಿಗೆ ಅಲ್ಲಿ ಸೊಡಕ್ಕು ತಕ್ಕಾಳಿ, ಅಂದರೆ ನೆಟಿಕೆ ಮುರಿದಂತೆ ಸದ್ದು ಮಾಡುವ ತಕ್ಕಾಳಿ. ನಮ್ಮ ಗಣಿಕೆ ಸೊಪ್ಪು ಅಲ್ಲಿ ಮಣತ್ತಕ್ಕಾಳಿ. ಸಾಗರದಾಚೆಯಿಂದ ಬಂದ ಕೆಂಪು ಹಣ್ಣು, ಬದುವಿನ ಸಣ್ಣ ಹಣ್ಣುಗಳ ಜೊತೆ ಇಲ್ಲಿಯೂ ಹೆಸರು ಹಂಚಿಕೊಂಡಿದೆ.

ಕೇಪಿನದಲ್ಲ, ಗೂಸ್‌ಬೆರಿಯೂ ಅಲ್ಲ

ಅಂಗಡಿಯ ಡಬ್ಬಿಗಳಲ್ಲಿ ಸಿಗುವ ಚಿನ್ನದ ಬಣ್ಣದ ಹಣ್ಣಿನ ಕಥೆಯೂ ಹೆಸರಿನ ಗೊಂದಲದ್ದೇ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಸೀಮೆ. ಪೆರುವಿನಲ್ಲಿ ಇದು 'ಅಗ್ವಾಯ್‌ಮಾಂತೊ', ಕೊಲಂಬಿಯಾದಲ್ಲಿ 'ಉಚುವಾ'. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1763ರಲ್ಲಿ ಇದಕ್ಕೆ 'ಫೈಸಾಲಿಸ್ ಪೆರುವಿಯಾನ' ಎಂದು ಹೆಸರಿಟ್ಟು ತವರನ್ನು ಗುರುತಿಸಿದ. ಬಳಕೆಯ ಹೆಸರು ಮಾತ್ರ ಬೇರೆ ದಾರಿ ಹಿಡಿಯಿತು.

ಯುರೋಪಿನ ಹಡಗುಗಳ ಜೊತೆ ಬೀಜ ಆಫ್ರಿಕದ ದಕ್ಷಿಣ ತುದಿಯ ಕೇಪ್ ಆಫ್ ಗುಡ್ ಹೋಪ್ ಸೇರಿತು. 1807ಕ್ಕೂ ಮೊದಲೇ ಅಲ್ಲಿನ ವಲಸೆಗಾರರ ಮನೆ ತೋಟಗಳಲ್ಲಿ ಇದು ಬೆಳೆಯುತ್ತಿತ್ತು. ಏಷ್ಯಾ ಮತ್ತು ಆಸ್ಟ್ರೇಲಿಯಾದ ಕಡೆಗೆ ಹೊರಟ ಹಡಗುಗಳು ನೀರು, ತರಕಾರಿ, ಬೀಜಗಳಿಗಾಗಿ ಕೇಪಿನಲ್ಲಿ ತಂಗುತ್ತಿದ್ದವು. ಅಲ್ಲಿಂದ ಗಿಡ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಹೋಯಿತು. ಅಲ್ಲಿ ಹೊಸದಾಗಿ ನೆಲೆಸಿದವರಿಗೆ ತಾಜಾ ಹಣ್ಣೇ ಅಪರೂಪ. ಬಿತ್ತಿದ ವರ್ಷವೇ ಫಲ ಕೊಡುವ ಈ ಗಿಡ ಅವರ ಕೈಹಿಡಿಯಿತು. ಎಲ್ಲಿಂದ ಬಂದಿತೋ ಅದೇ ಊರಿನ ಹೆಸರಿಟ್ಟು ಅವರು 'ಕೇಪ್ ಗೂಸ್‌ಬೆರಿ' ಎಂದರು. ಹಣ್ಣು ಕೇಪಿನದೂ ಅಲ್ಲ, ಗೂಸ್‌ಬೆರಿಯ ಜಾತಿಗೂ ಸೇರಿದ್ದಲ್ಲ.

ಈ ಪಯಣದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಬ್ಬು, ಕಾಫಿ, ಹತ್ತಿಗಳ ಹಾಗೆ ಇದನ್ನು ಬೆಳೆಸಲು ಯಾರೂ ಕಾಡು ಕಡಿದು ಎಸ್ಟೇಟು ಕಟ್ಟಲಿಲ್ಲ. ಇದು ಸಾಗಿದ್ದು ಒಂದು ಹಿತ್ತಲಿನಿಂದ ಇನ್ನೊಂದು ಹಿತ್ತಲಿಗೆ.

ಟಿಪಾರಿಯಾಗಿ ಭಾರತಕ್ಕೆ

ಭಾರತದಲ್ಲಿ ಈ ಹಣ್ಣು ಬಂಗಾಳದಲ್ಲಿ ಟಿಪಾರಿಯಾಯಿತು, ಹಿಂದಿ ಸೀಮೆಯಲ್ಲಿ ರಸ್‌ಭರಿಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫರ್ಮಿಂಜರ್ ಎಂಬ ಪಾದ್ರಿ ಬರೆದ ಬಂಗಾಳದ ತೋಟಗಾರಿಕೆಯ ಕೈಪಿಡಿಯಲ್ಲಿ ಟಿಪಾರಿಗೂ ಜಾಗವಿತ್ತು. ಬ್ರಿಟಿಷರ ಬಂಗಲೆಗಳಲ್ಲಿ ಟಿಪಾರಿ ಜಾಮ್ ಊಟದ ಮೇಜಿನ ಮೆಚ್ಚಿನ ತಿನಿಸಾಯಿತು. ದಕ್ಷಿಣದಲ್ಲಿ ನೀಲಗಿರಿಯಂಥ ತಂಪು ಬೆಟ್ಟಗಳು ಗಿಡಕ್ಕೆ ಒಗ್ಗಿದವು. ಅಲ್ಲಿ ಅದು ತೋಟದ ಬೇಲಿ ದಾಟಿ ತಾನಾಗಿಯೇ ಬೆಳೆಯತೊಡಗಿತು.

ಬದುವಿನ ಬುಡ್ಡೆ ಹಣ್ಣಂತೂ ಅದಕ್ಕೂ ಮೊದಲೇ ಇಲ್ಲಿತ್ತು. ಡಚ್ ಅಧಿಕಾರಿ ವಾನ್ ರೀಡೆ ಕೊಚ್ಚಿಯಲ್ಲಿ ಮಾಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ 'ಹೊರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಗಿಡದ ಚಿತ್ರ ಮಲಯಾಳದ ಹೆಸರಿನೊಡನೆ ದಾಖಲಾಗಿದೆ. 'ಞೊಟ್ಟಾಞೊಡಿಯನ್' ಎಂಬ ಆ ಹೆಸರಿನಲ್ಲೂ ನೆಟಿಕೆ ಮುರಿಯುವ ಸದ್ದಿದೆ. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಆ ಗ್ರಂಥಕ್ಕಾಗಿ ದುಡಿದಿದ್ದರು. ಮುನ್ನೂರು ವರ್ಷಗಳ ಹಿಂದೆ ಪಂಡಿತರು ಕಳೆ ಎಂದು ಕಡೆಗಣಿಸದೆ ಗುರುತಿಸಿದ ಗಿಡವಿದು.

ಹಿತ್ತಲಿನಲ್ಲೇ ಏಕೆ ಉಳಿಯಿತು?

ಟೊಮೆಟೊ ಲೋಕವನ್ನೇ ಗೆದ್ದಿತು. ಅದರ ದಾಯಾದಿ ಏಕೆ ಹಿಂದೆ ಬಿದ್ದಿತು? ಉತ್ತರ ಗಿಡದ ಸ್ವಭಾವದಲ್ಲೇ ಇದೆ. ಇದರ ಹಣ್ಣುಗಳೆಲ್ಲ ಒಟ್ಟಿಗೆ ಮಾಗುವುದಿಲ್ಲ. ಮಾಗಿದ್ದು ಹೊದಿಕೆಯ ಸಮೇತ ನೆಲಕ್ಕೆ ಉದುರುತ್ತದೆ. ಇಂಗ್ಲಿಷಿನವರು ಕೆಲವು ಪ್ರಭೇದಗಳನ್ನು 'ಗ್ರೌಂಡ್ ಚೆರಿ', ಅಂದರೆ ನೆಲದ ಚೆರಿ ಎನ್ನುವುದು ಸುಮ್ಮನೆ ಅಲ್ಲ. ಕೊಂಬೆಗಳು ಮನಸ್ಸು ಬಂದತ್ತ ಹರಡುತ್ತವೆ. ದಿನವೂ ಬಗ್ಗಿ ಆಯಬೇಕು, ಒಂದೊಂದನ್ನೂ ಬಿಡಿಸಬೇಕು. ಎಕರೆಗಟ್ಟಲೆ ಬೆಳೆದು ಒಂದೇ ದಿನ ಕೊಯ್ದು ಲಾರಿ ತುಂಬುವವನಿಗೆ ಇದೆಲ್ಲ ತಲೆನೋವು. ದಿನಕ್ಕೊಂದು ಹಿಡಿ ಹಣ್ಣು ಸಾಕೆನ್ನುವ ಮನೆಯವರಿಗೆ ಇದೇ ಅನುಕೂಲ.

1989ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ವರದಿಯೊಂದು ಇಂಕಾ ಸೀಮೆಯ ಕಡೆಗಣಿಸಲ್ಪಟ್ಟ ಬೆಳೆಗಳ ಸಾಲಿನಲ್ಲಿ ಇದನ್ನೂ ಸೇರಿಸಿತು. ಕೊಲಂಬಿಯಾ ಇದನ್ನು ಯುರೋಪಿಗೆ ರಫ್ತು ಮಾಡಿ ಹಣ ಗಳಿಸಿತು. 2018ರಲ್ಲಿ ಅಮೆರಿಕದ ಜಕಾರಿ ಲಿಪ್‌ಮನ್ ಮತ್ತು ಜಾಯ್ಸ್ ವಾನ್ ಎಕ್ ಅವರ ತಂಡ ವಂಶವಾಹಿ ತಿದ್ದುವ ತಂತ್ರದಿಂದ ಗ್ರೌಂಡ್ ಚೆರಿಯ ಹಣ್ಣಿನ ತೂಕವನ್ನು ಸುಮಾರು ಕಾಲು ಭಾಗ ಹೆಚ್ಚಿಸಿ ತೋರಿಸಿತು. ಟೊಮೆಟೊವನ್ನು ಸಾವಿರಾರು ವರ್ಷ ಪಳಗಿಸಿದ ಹಾಗೆ ಇದನ್ನು ಕೆಲವೇ ವರ್ಷಗಳಲ್ಲಿ ಪಳಗಿಸಬಹುದೇ ಎಂಬುದು ಅವರ ಪ್ರಶ್ನೆ. ಅದು ಫಲಿಸಿದರೆ ಹಣ್ಣು ಹೊಲಕ್ಕೆ ಬಂದೀತು. ಆದರೆ ಪಳಗಿಸಲಿಕ್ಕೂ ಮೊದಲು ಗಿಡ ಎಲ್ಲಾದರೂ ಉಳಿದಿರಬೇಕಲ್ಲ! ಇಷ್ಟು ಕಾಲ ಆ ಕೆಲಸ ಮಾಡಿದ್ದು ಮನೆ ತೋಟಗಳು ಮತ್ತು ಹೊಲದ ಬದುಗಳು.

ಒಂದು ಪಾತಿ ಸಾಕು

ರಸ್‌ಭರಿಯನ್ನು ಬೆಳೆಯುವುದು ಟೊಮೆಟೊ ಬೆಳೆದವರಿಗೆ ಹೊಸ ವಿದ್ಯೆಯೇನಲ್ಲ. ಚೆನ್ನಾಗಿ ಮಾಗಿದ ಹಣ್ಣನ್ನು ನೀರಿನಲ್ಲಿ ಕಿವುಚಿ ಬೀಜ ತೆಗೆದು ನೆರಳಿನಲ್ಲಿ ಒಣಗಿಸಬೇಕು. ಬೀಜ ತೀರಾ ಸಣ್ಣದಾದ್ದರಿಂದ ಮರಳಿನೊಡನೆ ಬೆರೆಸಿ ಸಸಿಮಡಿಯಲ್ಲಿ ತೆಳುವಾಗಿ ಚೆಲ್ಲುವುದು ಒಳ್ಳೆಯದು. ಜೂನ್–ಜುಲೈನಲ್ಲಿ ಬಿತ್ತಿದರೆ ಚಳಿಗಾಲದ ಹೊತ್ತಿಗೆ ಹಣ್ಣು ಬರತೊಡಗುತ್ತದೆ. ಸಸಿಗಳ ನಡುವೆ ಎರಡೂವರೆ ಅಡಿ ಅಂತರವಿರಲಿ. ನೀರು ನಿಲ್ಲದ ಮರಳು ಮಿಶ್ರಿತ ಮಣ್ಣು ಇದಕ್ಕೆ ಹಿತ. ಗೊಬ್ಬರ ಅತಿಯಾದರೆ ಎಲೆ ದಟ್ಟವಾಗಿ ಕಾಯಿ ಕಡಿಮೆಯಾಗುತ್ತದೆ. ಟೊಮೆಟೊ, ಬದನೆ ಬೆಳೆದ ಪಾತಿಯಲ್ಲೇ ಇದನ್ನೂ ಹಾಕಿದರೆ ಅವುಗಳ ರೋಗ, ಹುಳು ಇದಕ್ಕೂ ತಗಲುತ್ತವೆ. ಚೆನ್ನಾಗಿ ನೋಡಿಕೊಂಡರೆ ಒಂದು ಗಿಡ 300 ಹಣ್ಣುಗಳವರೆಗೂ ಕೊಡಬಲ್ಲದು.

ಹೊದಿಕೆ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಹಣ್ಣು ಹಳದಿಯಾದರೆ ಮಾತ್ರ ತಿನ್ನಲು ಯೋಗ್ಯ. ಹಸಿರು ಕಾಯಿ, ಎಲೆ, ಹೊದಿಕೆಗಳಲ್ಲಿ ವಿಷಾಂಶವಿರುವುದರಿಂದ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಅಗತ್ಯ. ಗುರುತು ಖಚಿತವಿಲ್ಲದ ಕಾಡು ಗಿಡದ ಹಣ್ಣನ್ನು ಬಾಯಿಗೆ ಹಾಕಲೇಬಾರದು. ಹೊದಿಕೆ ಬಿಡಿಸದೆ ಒಣ ಜಾಗದಲ್ಲಿಟ್ಟರೆ ಹಣ್ಣು ವಾರಗಟ್ಟಲೆ ಕೆಡುವುದಿಲ್ಲ. ಗೂಡುದೀಪದಂಥ ಆ ಕಾಗದವೇ ಅದಕ್ಕೆ ಬುತ್ತಿ ಪೆಟ್ಟಿಗೆ. ಹಣ್ಣಿನ ಮೇಲಿನ ಅಂಟನ್ನು ತೊಳೆದು ಹಾಗೆಯೇ ತಿನ್ನಬಹುದು. ಪೆಕ್ಟಿನ್ ಹೇರಳವಾಗಿರುವುದರಿಂದ ಜಾಮ್ ತಾನಾಗಿಯೇ ಗಟ್ಟಿಯಾಗುತ್ತದೆ. ಹುಳಿ-ಸಿಹಿ ಎರಡೂ ಇರುವುದರಿಂದ ಬೆಲ್ಲ, ಹಸಿಮೆಣಸು ಸೇರಿಸಿ ಒಗ್ಗರಣೆ ಕೊಟ್ಟ ಗೊಜ್ಜಿಗೂ ಒಪ್ಪುತ್ತದೆ. ಮಳೆ ಇಲ್ಲದ ದಿನಗಳಲ್ಲಿ ಒಣಗಿಸಿ ದ್ರಾಕ್ಷಿಯಂತೆ ಕೂಡಿಡಲೂಬಹುದು.

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ಈ ಹಣ್ಣಿನ ಮಟ್ಟಿಗೆ ಸಾಗರ ದಾಟಿದ ಸತ್ಯ. ಕೊಲಂಬಿಯಾದ ಹೆಸರು ಹೊತ್ತ ಡಬ್ಬಿಗೆ ದುಡ್ಡು ಕೊಡುವವರೇ, ಬದುವಿನ ಬುಡ್ಡೆ ಗಿಡವನ್ನು ಬೇರು ಸಮೇತ ಕೀಳುತ್ತಾರೆ. ಹಿತ್ತಲುಗಳು ಸಿಮೆಂಟಿನಡಿ ಸೇರಿ, ಬದುಗಳಿಗೆ ಕಳೆನಾಶಕ ಬಿದ್ದ ಮೇಲೆ 'ಟಪ್' ಎನ್ನುವ ಸದ್ದು ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಹೆಸರನ್ನು ಟೊಮೆಟೊಗೆ ಕೊಟ್ಟು, ಊರಿನ ಗುರುತನ್ನು ಕೇಪಿಗೆ ಬಿಟ್ಟು ಬಂದ ಹಣ್ಣು ಕೊನೆಗೆ ತನಗೆಂದು ಉಳಿಸಿಕೊಂಡದ್ದು ಹಿತ್ತಲನ್ನು ಮಾತ್ರ. ಅದೂ ಕೈತಪ್ಪದಿರಬೇಕಾದರೆ ಮುಂದಿನ ಮಳೆಗಾಲದಲ್ಲಿ ಕಳೆ ಕೀಳುವಾಗ ಮೂಲೆಯಲ್ಲೊಂದು ಗಿಡವನ್ನು ಬಿಟ್ಟರೆ ಸಾಕು.