ಋತುಕಾಲದ ಎಣಿಕೆ: ಬೆಳ್ವೊಲದಿಂದ ರಾಮನಗರದವರೆಗೆ

ಶಾಸನಗಳು ಲೊಕ್ಕಿಗುಂಡಿಯೆಂದು ಕರೆಯುವ ಇಂದಿನ ಲಕ್ಕುಂಡಿಯು ಬೆಳ್ವೊಲ ಮುನ್ನೂರರಲ್ಲಿ ಸೇರಿದ್ದ ಸಂಪನ್ನ ಪಟ್ಟಣವಾಗಿದ್ದಿತು. ಕ್ರಿ.ಶ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಅಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವು ಇತಿಹಾಸಾಭ್ಯಾಸಿಗಳಿಗೆ ಸುಪರಿಚಿತವಾದುದು. ಅದೇ ನಾಡಿನ ನರಗುಂದದವನಾದ ಶ್ರೀಧರಾಚಾರ್ಯನು ಕ್ರಿ.ಶ. 1049ರಲ್ಲಿ ರಚಿಸಿದ ‘ಜಾತಕತಿಲಕ’ವು ಕನ್ನಡದ ಮೊದಲ ಜ್ಯೋತಿಷಗ್ರಂಥವೆಂದು ಪ್ರಸಿದ್ಧವಾಗಿದೆ. ಗರ್ಭ, ಜನ್ಮಗಳ ವಿಚಾರವೂ ಅದರಲ್ಲಿ ಸೇರಿದೆ. ಸಂತಾನವನ್ನು ಬಯಸುವವರು ಯಾವ ದಿನಗಳನ್ನು ಎಣಿಸಬೇಕು, ಹೇಗೆ ಎಣಿಸಬೇಕು ಎಂಬ ಪ್ರಶ್ನೆ ಆ ಕಾಲದ ಪಂಡಿತರಿಗೆ ಶಾಸ್ತ್ರವಿಷಯವೇ ಆಗಿದ್ದಿತು. ಆ ಎಣಿಕೆಯ ಇತಿಹಾಸವನ್ನು ಸಂಗ್ರಹವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

ಆ ಪಂಡಿತರ ಮುಂದಿದ್ದ ಪರಂಪರೆಗಳು ಮುಖ್ಯವಾಗಿ ಮೂರು. ಮೊದಲನೆಯದು ಧರ್ಮಶಾಸ್ತ್ರ. ಮನುಸ್ಮೃತಿಯ ಮೂರನೆಯ ಅಧ್ಯಾಯದಂತೆ ರಜೋದರ್ಶನದಿಂದ ಹದಿನಾರು ರಾತ್ರಿಗಳು ಋತುಕಾಲ. ಅವುಗಳಲ್ಲಿ ಮೊದಲ ನಾಲ್ಕು, ಹನ್ನೊಂದನೆಯದು ಮತ್ತು ಹದಿಮೂರನೆಯದು ವರ್ಜ್ಯ. ಉಳಿದ ಹತ್ತು ಪ್ರಶಸ್ತ. ಸಮರಾತ್ರಿಗಳಲ್ಲಿ ಗಂಡು, ವಿಷಮರಾತ್ರಿಗಳಲ್ಲಿ ಹೆಣ್ಣು ಎಂಬುದೂ ಅಲ್ಲಿಯ ಮತ. ಎರಡನೆಯದು ಆಯುರ್ವೇದ. ಸುಶ್ರುತಸಂಹಿತೆಯ ಶಾರೀರಸ್ಥಾನವು ಋತುಕಾಲವನ್ನು ಹನ್ನೆರಡು ರಾತ್ರಿಗಳೆಂದು ಹೇಳಿ, ಹಗಲು ಕಳೆದೊಡನೆ ತಾವರೆ ಮುಚ್ಚಿಕೊಳ್ಳುವಂತೆ ಋತು ಕಳೆದ ಮೇಲೆ ಗರ್ಭಮಾರ್ಗವು ಮುಚ್ಚಿಕೊಳ್ಳುವುದೆಂದು ವಿವರಿಸುತ್ತದೆ. ಮೂರನೆಯದಾದ ಜ್ಯೋತಿಷದಲ್ಲಿ ವರಾಹಮಿಹಿರನ ‘ಬೃಹಜ್ಜಾತಕ’ವು ಮಾಸಿಕ ಸ್ರಾವಕ್ಕೆ ಕುಜ ಚಂದ್ರರನ್ನು ಕಾರಣವಾಗಿ ಹೇಳಿ, ಗ್ರಹಸ್ಥಿತಿಯಿಂದ ಆಧಾನಕಾಲವನ್ನು ವಿಚಾರಿಸುತ್ತದೆ.

ಈ ಮತಗಳಲ್ಲಿ ಇಂದಿಗೂ ಗಣನೆಗೆ ಯೋಗ್ಯವಾದ ಅಂಶವೊಂದುಂಟು. ತಿಂಗಳಿನ ಎಲ್ಲ ದಿನಗಳೂ ಗರ್ಭಧಾರಣೆಗೆ ಸಮಾನವಲ್ಲ, ಅದಕ್ಕೆ ಮಿತವಾದ ಅವಧಿಯೊಂದಿದೆ ಎಂಬುದನ್ನು ಧರ್ಮಶಾಸ್ತ್ರಜ್ಞರೂ ವೈದ್ಯರೂ ಕಂಡುಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಅನೇಕ ವೈದ್ಯರು ಸ್ರಾವದ ಸಮಯದಲ್ಲಿಯೇ ಅಂಡವು ಬಿಡುಗಡೆಯಾಗುವುದೆಂದೂ, ಚಕ್ರದ ನಡುವಣ ದಿನಗಳು ನಿಷ್ಫಲವೆಂದೂ ನಂಬಿದ್ದುದನ್ನು ನೆನೆದರೆ, ನಮ್ಮ ಪ್ರಾಚೀನರ ಎಣಿಕೆಯು ಸತ್ಯಕ್ಕೆ ಹೆಚ್ಚು ಸಮೀಪವಾಗಿದ್ದಿತೆನ್ನಬೇಕು.

ಆದರೆ ಎಣಿಕೆಯ ದಿಕ್ಕು ಬೇರೆಯಾಗಬೇಕಾಗಿದ್ದಿತು. ಕ್ರಿ.ಶ. 1924ರಲ್ಲಿ ಜಪಾನಿನ ಕ್ಯುಸಾಕು ಒಗಿನೊ, ಆ ದಶಕದ ಕೊನೆಯಲ್ಲಿ ಆಸ್ಟ್ರಿಯದ ಹರ್ಮನ್ ಕ್ನಾಸ್, ಇವರು ಅಂಡವಿಸರ್ಜನೆಯ ಕಾಲವನ್ನು ಹಿಂದಿನ ಮುಟ್ಟಿನಿಂದಲ್ಲ, ಮುಂದಿನ ಮುಟ್ಟಿನಿಂದ ಹಿಮ್ಮುಖವಾಗಿ ಎಣಿಸಬೇಕೆಂದು ಪ್ರತ್ಯೇಕವಾಗಿ ತೋರಿಸಿದರು. ಅದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಸಂಭವಿಸುತ್ತದೆ. ಅಂಡವು ಬದುಕುವುದು ಒಂದು ದಿನದೊಳಗೆ. ವೀರ್ಯಾಣುಗಳು ಐದು ದಿನಗಳವರೆಗೆ ಬದುಕಬಲ್ಲವು. ಆದುದರಿಂದ ಫಲವತ್ತಾದ ದಿನಗಳು ಅಂಡವಿಸರ್ಜನೆಯ ದಿನವೂ ಸೇರಿ ಸುಮಾರು ಆರು ಮಾತ್ರ.

ಇದನ್ನು ಹಳೆಯ ಎಣಿಕೆಯೊಡನೆ ಹೋಲಿಸಿ ನೋಡೋಣ. ಇಪ್ಪತ್ತೆಂಟು ದಿನಗಳ ಚಕ್ರದಲ್ಲಿ ಒಂಬತ್ತರಿಂದ ಹದಿನಾಲ್ಕರವರೆಗಿನ ದಿನಗಳು ಫಲವತ್ತಾದವು. ಅವೆಲ್ಲವೂ ಹದಿನಾರು ರಾತ್ರಿಗಳೊಳಗೆ ಬರುತ್ತವೆ, ಆದರೆ ವರ್ಜ್ಯವೆಂದ ಹನ್ನೊಂದು, ಹದಿಮೂರನೆಯ ರಾತ್ರಿಗಳೂ ಅವುಗಳಲ್ಲಿಯೇ ಸೇರಿವೆ. ಚಕ್ರವು ಮೂವತ್ತೈದು ದಿನಗಳದ್ದಾದರೆ ಆ ಅವಧಿ ಹದಿನಾರರಿಂದ ಇಪ್ಪತ್ತೊಂದನೆಯ ದಿನಕ್ಕೆ ಸರಿಯುತ್ತದೆ. ಶಾಸ್ತ್ರದ ಋತುಕಾಲ ಮುಗಿಯುವ ಹೊತ್ತಿಗೆ ನಿಜವಾದ ಋತುಕಾಲ ಆರಂಭವಾಗುತ್ತದೆ. ಅಂಥ ಸ್ತ್ರೀಯು ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೂ ಫಲ ದುರ್ಲಭ. ಸಮ ವಿಷಮ ರಾತ್ರಿಗಳ ಭೇದವಂತೂ ಆಧಾರವಿಲ್ಲದುದು. ಶಿಶುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವೀರ್ಯಾಣುವಿನಲ್ಲಿರುವ ವರ್ಣತಂತು.

ಎಣಿಕೆಯನ್ನು ಜನರ ಕೈಗೆ ಕೊಡುವ ಪ್ರಯತ್ನವೊಂದು ನಮ್ಮ ನಾಡಿನಲ್ಲಿಯೇ ನಡೆದುದು ಗಮನಾರ್ಹ. ಕ್ರಿ.ಶ. 1930ರಷ್ಟು ಹಿಂದೆಯೇ ಸರ್ಕಾರದ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿದ್ದ ಮೈಸೂರು ಸಂಸ್ಥಾನದ ರಾಮನಗರದಲ್ಲಿ, 1952ರಲ್ಲಿ, ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಋತುಗಣನೆಯ ಪ್ರಯೋಗವನ್ನು ಕೈಗೊಂಡಿತು. ಇದಕ್ಕೆ ಮಾರ್ಗದರ್ಶನ ಮಾಡಿದವರು ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್. ಅಕ್ಷರ ಬಾರದ ಸ್ತ್ರೀಯರೂ ದಿನ ತಪ್ಪದಂತೆ ಬಣ್ಣದ ಮಣಿಗಳ ಸರವನ್ನು ಕೊಡಲಾಯಿತು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಬಂದರೆ ಫಲವತ್ತಾದ ದಿನಗಳು ಬಣ್ಣದಿಂದಲೇ ತಿಳಿಯುವಂತೆ ಅದು ರಚಿತವಾಗಿದ್ದಿತು. ಅಲ್ಲಿಯ ಉದ್ದೇಶ ಗರ್ಭವನ್ನು ತಡೆಯುವುದಾಗಿದ್ದರೂ ಎಣಿಕೆ ಒಂದೇ; ಬಿಡಬೇಕಾದ ದಿನಗಳೇ ಸಂತಾನವನ್ನು ಬಯಸುವವರಿಗೆ ಬೇಕಾದ ದಿನಗಳು. ಪ್ರಯೋಗವು ನಿರೀಕ್ಷಿತ ಫಲವನ್ನು ನೀಡಲಿಲ್ಲ. ಮಣಿಸರವು ನಿಯತವಾದ ಚಕ್ರವನ್ನು ಅಪೇಕ್ಷಿಸುತ್ತದೆ. ದೇಹವಾದರೋ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ದಿನವನ್ನು ಎಣಿಸುವುದರ ಜೊತೆಗೆ ದೇಹದ ಲಕ್ಷಣವನ್ನೂ ಗಮನಿಸಬೇಕೆಂಬುದು ಇಪ್ಪತ್ತನೆಯ ಶತಮಾನದ ವೈದ್ಯದ ಮುಖ್ಯ ಬೋಧೆ. ಗರ್ಭಕಂಠದ ಸ್ರಾವವು ತಿಳಿಯಾಗಿ ಎಳೆಯಾಗುವುದು ಮುನ್ಸೂಚನೆ. ಮೂತ್ರಪರೀಕ್ಷೆಯಲ್ಲಿ ಕಾಣುವ ಎಲ್.ಎಚ್. ಎಂಬ ಚೋದಕದ ಏರಿಕೆಯು ಅಂಡವಿಸರ್ಜನೆ ಒಂದೆರಡು ದಿನಗಳಲ್ಲಿ ಆಗುವುದೆಂದು ತಿಳಿಸುತ್ತದೆ. ಬೆಳಗಿನ ದೇಹೋಷ್ಣತೆಯ ಅಲ್ಪ ಏರಿಕೆಯು ಅದು ಆಗಿಹೋಯಿತೆಂದು ದೃಢಪಡಿಸುತ್ತದೆ. ಕ್ರಿ.ಶ. 2000ದಲ್ಲಿ ಪ್ರಕಟವಾದ ವಿಲ್ಕಾಕ್ಸ್ ಮತ್ತು ಸಂಗಡಿಗರ ಅಧ್ಯಯನದಂತೆ, ಹತ್ತರಿಂದ ಹದಿನೇಳನೆಯ ದಿನದೊಳಗೆ ಫಲವತ್ತಾದ ಅವಧಿಯು ಪೂರ್ಣವಾಗಿ ಅಡಗುವುದು ನೂರಕ್ಕೆ ಸುಮಾರು 30 ಸ್ತ್ರೀಯರಲ್ಲಿ ಮಾತ್ರ.

ಈ ವಿಚಾರವು ಕೇವಲ ಪಂಡಿತರ ಕುತೂಹಲಕ್ಕೆ ಸೀಮಿತವಾದುದಲ್ಲ. ಎಣಿಕೆ ತಪ್ಪಿದಾಗ ತಪ್ಪನ್ನು ಹೊತ್ತವಳು ಹೆಣ್ಣು. ‘ಬಂಜೆ’ ಎಂಬ ಮಾತಿಗೆ ಸಮನಾದ ನಿಂದೆಯ ಪದವು ಗಂಡಸಿಗೆ ಲೋಕರೂಢಿಯಲ್ಲಿ ಅಷ್ಟಾಗಿ ಬಳಕೆಯಾಗಲಿಲ್ಲ. ಸಂತಾನಹೀನತೆಯಲ್ಲಿ ಪುರುಷಕಾರಣವೂ ಸಾಮಾನ್ಯವೆಂಬುದು ಈಗ ನಿಶ್ಚಿತವಾದ ಸಂಗತಿ. ನಾವು ಪರಿಶೀಲಿಸಿದ ಶಾಸ್ತ್ರಗಳೆಲ್ಲ ಪುರುಷರು ಬರೆದವು. ಲೊಕ್ಕಿಗುಂಡಿಯ ಶಿಲೆಗಳು ದಾನವನ್ನೂ ವಂಶವನ್ನೂ ಹೇಳುತ್ತವೆ. ಮನೆಯೊಳಗೆ ದಿನಗಳನ್ನು ಎಣಿಸಿದವರ ಅನುಭವಕ್ಕೆ ಅಲ್ಲಿ ಸ್ಥಳವಿಲ್ಲ. ಅತ್ತಿಮಬ್ಬೆಯು ಅಣ್ಣಿಗದೇವನ ತಾಯಿಯಾದರೂ ನಾಡು ಅವಳನ್ನು ನೆನೆದುದು ಅವಳ ದಾನಗುಣಕ್ಕಾಗಿ ಎಂಬುದು ಇಲ್ಲಿ ಸ್ಮರಣೀಯ. ಶಾಸ್ತ್ರಗಳ ಋತುಕಾಲವನ್ನು ಪಾಠ ಹೇಳುವ ಅಧ್ಯಾಪಕರು, ಅದರಲ್ಲಿ ನಿಂತ ಅಂಶವೆಷ್ಟು, ಬಿದ್ದ ಅಂಶವೆಷ್ಟು ಎಂಬುದನ್ನು ವಿದ್ಯಾರ್ಥಿಗಳಿಗೆ ವಿಂಗಡಿಸಿ ತಿಳಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.