ಚಾಮರಾಜನಗರ, ಗುಂಡ್ಲುಪೇಟೆ ಹೊರವಲಯದಲ್ಲಿ ಮೊದಲ ಸೈಟು: ಅಡ್ವಾನ್ಸ್ ಕೊಡುವ ಮೊದಲು ನೋಡಬೇಕಾದ್ದೇನು?

ಚಾಮರಾಜನಗರ: ಊರೊಳಗೆ ಸೈಟು ಕೈಗೆಟುಕಲ್ಲ, ಸ್ವಲ್ಪ ಹೊರಗೆ ಹೋದರೆ ಕಮ್ಮಿಗೆ ಸಿಗುತ್ತೆ. ಮೊದಲ ಸಲ ಮನೆ ಮಾಡಲು ಹೊರಟವರಿಗೆ ಬ್ರೋಕರ್‌ಗಳು ಹೇಳುವ ಮಾತು ಇದು. ಮಾತು ಸುಳ್ಳಲ್ಲ. ಆದರೆ ಒಂದೇ ರಸ್ತೆಯಲ್ಲಿ ಅಕ್ಕಪಕ್ಕದ ಎರಡು ಸೈಟಿನ ರೇಟಿನಲ್ಲಿ ಭಾರಿ ವ್ಯತ್ಯಾಸ ಇದ್ದರೆ, ಮೊದಲು ಅನುಮಾನ ಪಡಬೇಕಾದ್ದು ದಾಖಲೆಯ ಮೇಲೆ. ಚೀಟಿ ಎತ್ತಿದ ದುಡ್ಡು, ಒಡವೆ ಅಡ ಇಟ್ಟ ದುಡ್ಡು ಹಾಕುವವರು ಬಡಾವಣೆಯ ಹೆಸರಿಗಿಂತ ಮೊದಲು ಅದರ ಕಾಗದ ನೋಡಬೇಕು.

ನಗರಸಭೆಯೋ, ಪಂಚಾಯಿತಿಯೋ?

1997ರಲ್ಲಿ ಜಿಲ್ಲಾ ಕೇಂದ್ರ ಆದ ಮೇಲೆ ಚಾಮರಾಜನಗರ ಎಲ್ಲಾ ದಿಕ್ಕಿಗೂ ಬೆಳೆದಿದೆ. ಯಡಬೆಟ್ಟದ ತಪ್ಪಲಿನ ವೈದ್ಯಕೀಯ ಕಾಲೇಜು ಹಾಗೂ 2021ರಲ್ಲಿ ಉದ್ಘಾಟನೆಯಾದ 450 ಹಾಸಿಗೆಗಳ ಬೋಧನಾ ಆಸ್ಪತ್ರೆ, ನಂಜನಗೂಡು ಕಡೆಯ ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಹೊರವಲಯದ ಜಮೀನಿಗೆ ಬೇಡಿಕೆ ತಂದಿವೆ.

'ಟೌನ್ ಪಕ್ಕದಲ್ಲೇ' ಅಂತ ತೋರಿಸುವ ಸೈಟು ನಗರಸಭೆ ಗಡಿ ಒಳಗಿದೆಯೋ, ಗ್ರಾಮ ಪಂಚಾಯಿತಿಗೆ ಸೇರಿದೆಯೋ ಎಂಬುದು ಮೊದಲ ಪ್ರಶ್ನೆ. ಗಡಿ ದಾಟಿದರೆ ಕುಡಿಯುವ ನೀರು, ಯುಜಿಡಿ, ಬೀದಿ ದೀಪ, ಖಾತೆ ಕೊಡುವ ಕಚೇರಿ ಎಲ್ಲವೂ ಬದಲಾಗುತ್ತೆ. ಗುಂಡ್ಲುಪೇಟೆಯಲ್ಲೂ ಪುರಸಭೆ ಗಡಿ ಬಗ್ಗೆ ಇದೇ ಪ್ರಶ್ನೆ ಕೇಳಬೇಕು.

ಗುಂಡ್ಲುಪೇಟೆಯವರು ಗಮನಿಸಿ

ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಮತ್ತು ಊಟಿ ಕಡೆಯ 181 ಇಲ್ಲಿ ಸೇರುತ್ತವೆ. ಹಾಗಾಗಿ ಹೆದ್ದಾರಿ ಬದಿಯ ಜಮೀನಿನ ಮೇಲೆ ಹೋಟೆಲ್, ರೆಸಾರ್ಟ್‌ನವರ ಕಣ್ಣಿದೆ. ವಾಸದ ಮನೆಗೆ ಸೈಟು ಹುಡುಕುವವರು ಆ ರೇಟಿನ ಜೊತೆ ಪೈಪೋಟಿಗೆ ಇಳಿಯಬೇಕಿಲ್ಲ. ಬೇಗೂರು ಕಡೆ, ತೆರಕಣಾಂಬಿ ಕಡೆಯೂ ವಿಚಾರಿಸಬಹುದು.

ಬಂಡೀಪುರದ ಸುತ್ತ 2012ರಲ್ಲಿ ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ವಲಯ ಘೋಷಿಸಿದೆ. ತಾಲೂಕಿನ ಹಲವು ಹಳ್ಳಿಗಳು ಅದರೊಳಗೆ ಬರುತ್ತವೆ. ಅಲ್ಲಿ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಹೆಚ್ಚಿನ ನಿರ್ಬಂಧ ಇದೆ. ಕಾಡಂಚಿನ ಸೈಟು ಕಮ್ಮಿಗೆ ಸಿಕ್ಕಿತು ಅಂತ ಖುಷಿಪಡುವ ಮೊದಲು ಆ ಸರ್ವೆ ನಂಬರ್ ವಲಯದ ಒಳಗಿದೆಯೇ ಎಂದು ತಾಲೂಕು ಕಚೇರಿ, ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿಯಬೇಕು.

ಗುಂಡ್ಲುಪೇಟೆಗೆ ರೈಲಿಲ್ಲ. ನಂಜನಗೂಡು, ಮೈಸೂರಿಗೆ ದಿನಾ ಕೆಲಸಕ್ಕೆ ಹೋಗುವವರಿಗೆ ಚಾಮರಾಜನಗರದಲ್ಲಿ ಬಸ್ಸಿನ ಜೊತೆ ರೈಲೂ ಉಂಟು. ಮೊದಲ ಪಾಳಿಗೆ ಹೊರಡುವ ಹೊತ್ತಿಗೆ ಸೈಟಿನ ಹತ್ತಿರದಿಂದ ಬಸ್ಸಿದೆಯೇ ಅನ್ನೋದನ್ನ ಒಂದು ದಿನ ನಿಂತು ನೋಡುವುದು ಒಳ್ಳೇದು.

ರೆವಿನ್ಯೂ ಸೈಟು ಯಾಕೆ ಅಗ್ಗ?

ಕೃಷಿ ಜಮೀನಿಗೆ ಕಲ್ಲು ನೆಟ್ಟು, ಮಣ್ಣು ರಸ್ತೆ ಬಿಟ್ಟು ಮಾರುವುದೇ ರೆವಿನ್ಯೂ ಸೈಟು. ಭೂಪರಿವರ್ತನೆ ಆಗಿರಲ್ಲ, ನಕ್ಷೆಗೆ ಅನುಮೋದನೆ ಇರಲ್ಲ. ಪಾರ್ಕ್, ಚರಂಡಿಗೆ ಜಾಗ ಬಿಟ್ಟಿರಲ್ಲ. ಅದಕ್ಕೇ ಕಮ್ಮಿ. ಕೆಲವು ಕಡೆ ಗುಂಟೆ ಲೆಕ್ಕದಲ್ಲಿ ಜಂಟಿಯಾಗಿ ಪಹಣಿಯಲ್ಲಿ ಹೆಸರು ಸೇರಿಸಿಕೊಡ್ತೀವಿ ಅಂತಾರೆ. ಆಗ ಕೊಂಡವರ ಕೈಗೆ ಬರೋದು ಜಮೀನಿನ ಪಾಲು, ಮನೆ ಕಟ್ಟುವ ಸೈಟಲ್ಲ.

ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಇದ್ದರೆ ಅದು ಅಧಿಕೃತ ಆಸ್ತಿ. 11ಬಿ ಬೇರೆ. ನಗರ, ಪಟ್ಟಣದಲ್ಲಿ ಎ ಖಾತೆ, ಬಿ ಖಾತೆ ಅಂತ ಇದೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಅನಧಿಕೃತ ಬಡಾವಣೆಗಳ ಆಸ್ತಿಗೆ ಬಿ ಖಾತೆ ಕೊಡುವ ಅಭಿಯಾನ ನಡೆಸಿತು. ಆದರೆ ಬಿ ಖಾತೆ ಸಿಕ್ಕಿದ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಸಿಕ್ಕಂತಲ್ಲ. 'ಮುಂದೆ ಸಕ್ರಮ ಆಗುತ್ತೆ' ಎಂಬ ಭರವಸೆಗೆ ಈಗಲೇ ದುಡ್ಡು ಕೊಡುವುದು ಅಪಾಯ.

ರೆವಿನ್ಯೂ ಸೈಟಿಗೆ ಬ್ಯಾಂಕ್‌ಗಳು ಸಾಮಾನ್ಯವಾಗಿ ಗೃಹಸಾಲ ಕೊಡಲ್ಲ. ಸಾಲ ಸಿಗದಿದ್ದರೆ ಮನೆ ಕಟ್ಟಲು ಕೈಸಾಲ, ಫೈನಾನ್ಸ್ ಕಡೆ ಹೋಗಬೇಕಾಗುತ್ತೆ. ಸೈಟಿನಲ್ಲಿ ಉಳಿಸಿದ ದುಡ್ಡು ಬಡ್ಡಿಯಲ್ಲಿ ಹೋಗುತ್ತೆ.

ಮಂಜೂರಾತಿ ಜಮೀನು ಎಚ್ಚರ

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಜಮೀನು ಮೂಲ ಮಂಜೂರುದಾರರಿಗೆ ವಾಪಸ್ ಹೋಗುತ್ತೆ. 2023ರ ತಿದ್ದುಪಡಿ ಬಳಿಕ ವಾಪಸ್ ಕೇಳಲು ಕಾಲಮಿತಿ ಇಲ್ಲ. ಹಾಗಾಗಿ ಈಗಿನ ಮಾಲೀಕರ ಪಹಣಿ ಮಾತ್ರ ನೋಡಿದರೆ ಸಾಲದು, ಜಮೀನು ಮೂಲತಃ ಯಾರಿಗೆ ಹೇಗೆ ಬಂತು ಎಂದು ನೋಡಬೇಕು.

ನೀರಿನ ಲೆಕ್ಕ

ಚಾಮರಾಜನಗರಕ್ಕೆ ಕಾವೇರಿ ನೀರು, ಗುಂಡ್ಲುಪೇಟೆಗೆ ಕಬಿನಿ ನೀರು ಬರುತ್ತೆ. ಎರಡೂ ದೂರದಿಂದ ಪೈಪಿನಲ್ಲಿ ಬರುವ ನೀರು. ಬಡಾವಣೆಗೆ ಲೈನ್ ಬಂದಿದೆಯಾ, ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ ಅಂತ ಮಾರುವವರನ್ನಲ್ಲ, ಅಲ್ಲಿ ಈಗಾಗಲೇ ವಾಸ ಇರುವವರನ್ನು ಕೇಳಬೇಕು. ಲೈನ್ ಇಲ್ಲದಿದ್ದರೆ ಬೋರ್‌ವೆಲ್ ಅಥವಾ ಟ್ಯಾಂಕರ್ ಖರ್ಚು ಸೈಟಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕು. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿದರೆ ನೀರು ನಿಲ್ಲುವ ಜಾಗ ಯಾವುದು ಎಂಬುದೂ ಗೊತ್ತಾಗುತ್ತೆ.

ರಿಜಿಸ್ಟ್ರೇಷನ್ ಖರ್ಚು

ಸೈಟಿಗೆ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ಜೊತೆಗೆ ಪಟ್ಟಣದಲ್ಲಿ ಶೇ 2, ಹಳ್ಳಿಯಲ್ಲಿ ಶೇ 3 ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. 10 ಲಕ್ಷ ರೂಪಾಯಿ ಸೈಟಿಗೆ ಪಟ್ಟಣದಲ್ಲಿ ಒಟ್ಟು 76,000, ಹಳ್ಳಿಯಲ್ಲಿ 76,500 ರೂಪಾಯಿ ಆಗುತ್ತೆ. ಪತ್ರ ಬರೆಯುವವರು, ವಕೀಲರ ಫೀಸು ಬೇರೆ. ಮಾರ್ಗಸೂಚಿ ಬೆಲೆ, ಕ್ರಯದ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ.

30 ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿ ಬೆಲೆಯ ಶೇ 90ರವರೆಗೆ ಸಾಲ ಕೊಡಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇದೆ. ಬರೀ ಸೈಟಿಗೆ ಬ್ಯಾಂಕ್‌ಗಳು ಇದಕ್ಕಿಂತ ಕಮ್ಮಿ ಕೊಡುತ್ತವೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದ, ವರ್ಷಕ್ಕೆ 9 ಲಕ್ಷದ ಒಳಗೆ ಆದಾಯ ಇರುವ ಕುಟುಂಬಕ್ಕೆ ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೆಯಲ್ಲಿ ಬಡ್ಡಿ ಸಹಾಯಧನ ಇದೆ. ಮನೆ ಬೆಲೆ 35 ಲಕ್ಷ, ಸಾಲ 25 ಲಕ್ಷದ ಒಳಗಿರಬೇಕು. ಗರಿಷ್ಠ 1.80 ಲಕ್ಷ ರೂಪಾಯಿ, 5 ವಾರ್ಷಿಕ ಕಂತಿನಲ್ಲಿ ಬರುತ್ತೆ.

ಅಡ್ವಾನ್ಸ್‌ಗೆ ಮೊದಲು ಕೇಳಬೇಕಾದ ಕಾಗದ

- ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ. ಕೊಳ್ಳುವ ಸೈಟಿನ ನಂಬರ್ ಬಿಡುಗಡೆ ಆಗಿದೆಯೇ ಎಂದೂ ನೋಡಬೇಕು. ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡ್ತಾರೆ.
- 500 ಚದರ ಮೀಟರ್ ಮೀರಿದ ಹೊಸ ಬಡಾವಣೆಯಾದರೆ ರೇರಾ ನೋಂದಣಿ ಸಂಖ್ಯೆ. ರೇರಾ ವೆಬ್‌ಸೈಟಿನಲ್ಲಿ ತಾಳೆ ಹಾಕಬಹುದು.
- 30 ವರ್ಷದ ಋಣಭಾರ ಪತ್ರ, ಅಂದರೆ ಇ.ಸಿ. ಹತ್ತಿರದ ವರ್ಷಗಳದ್ದು ಕಾವೇರಿ ಪೋರ್ಟಲ್‌ನಲ್ಲಿ, ಹಳೇದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತೆ.
- ಹಳೇ ಕ್ರಯಪತ್ರ, ಮ್ಯುಟೇಷನ್, ವಂಶವೃಕ್ಷ. ಪಿತ್ರಾರ್ಜಿತ ಜಮೀನಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಸಹಿ.
- ಇ-ಖಾತೆ ಮತ್ತು ಈ ಸಾಲಿನ ಕಂದಾಯ ರಸೀದಿ.

ಸೈಟಿನ ಮೇಲೆ ನಿಂತು ಮೊಬೈಲಿನಲ್ಲಿ 'ದಿಶಾಂಕ್' ಆ್ಯಪ್ ತೆರೆದರೆ ಸರ್ವೆ ನಂಬರ್ ಗೊತ್ತಾಗುತ್ತೆ. ಕಾಗದದಲ್ಲಿರುವ ನಂಬರ್ ಬೇರೆ, ಆ್ಯಪ್ ತೋರಿಸುವ ನಂಬರ್ ಬೇರೆ ಆಗಿದ್ದರೆ, ಅಥವಾ ಕೆರೆ, ಗೋಮಾಳ ಅಂತ ಬಂದರೆ, ಸರ್ವೆ ಇಲಾಖೆಯಲ್ಲಿ ಇತ್ಯರ್ಥ ಆಗುವವರೆಗೆ ದುಡ್ಡು ಕೊಡಬಾರದು.

ಕೊನೆಗೆ, ಎಲ್ಲಾ ಕಾಗದದ ನಕಲು ಹಿಡಿದು ಸಾಲ ಬೇಕಿಲ್ಲದಿದ್ದರೂ ಒಂದು ಬ್ಯಾಂಕಿಗೆ ಹೋಗಿ 'ಇದಕ್ಕೆ ಸಾಲ ಸಿಗುತ್ತಾ' ಅಂತ ಕೇಳಿ ನೋಡಬಹುದು. ಕಾಗದ ನೋಡಿ ಬ್ಯಾಂಕಿನವರು ಆಗಲ್ಲ ಅಂದರೆ, ಕಾರಣ ಕೇಳಿ ಬರೆದುಕೊಂಡು ವಕೀಲರಿಗೆ ತೋರಿಸಬೇಕು. ಟೋಕನ್ ಅಡ್ವಾನ್ಸ್ ಮಾತು ಅದಾದ ಮೇಲೆ.